ಡಬ್ಬಿ ಬಾಗಿಲು ತೆರೆದ ಮೇಲೆ

ಕಡ್ಲಿಗನೂರು
ಫೆಬ್ರುವರಿ 31, 2174

ಎರಡು ಸಾವಿರದ ಇಪ್ಪತ್ತರ ಆಸುಪಾಸಿನಲ್ಲಿ ಉಸಿರಾಡುತ್ತಿರುವ ಹಿರಿಯರಿಗೆ, ಇನ್ನೂ ಹುಟ್ಟದ ಫಕೀರಪ್ಪನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಮೇ ತಿಂಗಳ ಬಿಸಿಲನ್ನು ಯಾರೂ ತಾಳಲಾರದ್ದಕ್ಕೆ ಸರ್ಕಾರ ಅದರ ಒಂದಷ್ಟು ದಿನ ಕಿತ್ತು ಫೆಬ್ರುವರಿಗೆ ಕೊಟ್ಟಿದೆ. ಬಿಸಿಲಿಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿಲ್ಲ. ನನ್ನ ಕೆಲವು ಪದಗಳೂ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಾನು ಓದಿದ್ದು ಊರ ಶಾಲೆಯಲ್ಲಿ, ಏಳನೇ ಇಯತ್ತೆಯವರೆಗೆ. ಆದರೂ ಈ ನಾಡಿನ ದೊಡ್ಡ ನಾಯಕಿಗೆ ಭಾಷಣ ಕಲಿಸಿದವನು ನಾನೇ. ನೀಲಗಂಗಾ ನನ್ನ ಅಕ್ಕನ ಮಗಳು. ಹುಡುಗಿಯಾಗಿದ್ದಾಗ ಅವಳನ್ನು ನಮ್ಮ ಎಮ್ಮೆಗಳ ಮುಂದೆ ನಿಲ್ಲಿಸಿ ಮಾತಾಡಿಸುತ್ತಿದ್ದೆ. ಎಮ್ಮೆ ಮೆಲುಕು ಬಿಟ್ಟು ತಲೆ ಎತ್ತಿದರೆ ಭಾಷಣ ಪಾಸು. ಮುಂದೆ ವಿಧಾನಸಭೆಯಲ್ಲಿ ಅವಳಿಗೆ ಅಳುಕಾಗಲಿಲ್ಲ. ಅಷ್ಟು ಕಠಿಣವಾದ ಸಭೆ ಅಲ್ಲಿರಲಿಲ್ಲ.

ಪಂಚಾಯಿತಿ ಸದಸ್ಯೆಯಾಗಿ ಊರೂಟಗಳಲ್ಲಿ ಸೌಟು ಹಿಡಿದು ಬಡಿಸುತ್ತಿದ್ದವಳು ಸಮಾಜ ಕಲ್ಯಾಣ ಮಂತ್ರಿಯಾದಳು. ಅವಳು ತಂದ ಯೋಜನೆಯ ಹೆಸರು ಕೂಡೂಟ. ನಮ್ಮ ಕಾಲದಲ್ಲಿ ಮನೆಯಲ್ಲಿ ಒಲೆ ಹಚ್ಚಲು ಉರುವಲಿಲ್ಲ. ಅದಕ್ಕೇ ಓಣಿಗೊಂದು ಊಟದ ಮನೆ. ಅದರ ಮಾಳಿಗೆಯ ಮೇಲೆ ಬಿಸಿಲೊಲೆ, ಅಂದರೆ ಬಿಸಿಲನ್ನೇ ಹಿಡಿದು ರೊಟ್ಟಿ ಬೇಯಿಸುವ ಕನ್ನಡಿಯ ಹಂಚು. ಮೋಡ ಮುಸುಕಿದರೆ ಮೊದಲೇ ಒಣಗಿಸಿಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ. ಕಾನೂನು ಒಂದೇ: ಬಂದವರು ಬಂದ ಹಾಗೆ ಒಂದೇ ಪಂಕ್ತಿಯಲ್ಲಿ ಕೂತು, ಪಕ್ಕದವರಿಗೆ ತಾವೇ ಬಡಿಸಬೇಕು. ಇಷ್ಟು ಹೊತ್ತಿಗೆ ಜಾತಿ ಹೋಗಿರಬಹುದೆಂದು ನೀವು ಅಂದುಕೊಂಡಿದ್ದರೆ, ಇಲ್ಲ. ಉರುವಲು ಮುಗಿಯಿತು, ಅದು ಮುಗಿಯಲಿಲ್ಲ.

ಮೊದಲ ದಿನ ಕೆಳಗೇರಿಯ ಹುಲಿಗೆಮ್ಮ ಹೊಸ್ತಿಲಲ್ಲೇ ನಿಂತಳು. "ಕುಂಡ್ರಂದ್ರ ಕುಂಡ್ರತೀನಿ ಅಣ್ಣಾರ. ನಾಳಿ ಎಬ್ಬಸ್ತೀರೇನು?" ಎಂದು ನನ್ನನ್ನೇ ಕೇಳಿದಳು. ನಾನು ಮೀಸೆ ತಿರುವಿ, "ಮಂತ್ರಿ ಸೋದರಮಾವ ಹೇಳಾಕತ್ತೀನಿ, ಯಾವ ಮಗನೂ ನಿನ್ನ ಎಬ್ಬಸಂಗಿಲ್ಲ" ಎಂದೆ. ಊಟದ ಮನೆ ಉದ್ಘಾಟಿಸಲು ಬಂದಿದ್ದ ನೀಲಗಂಗಾ ಅವಳ ಪಕ್ಕವೇ ಕೂತು, ಅವಳ ಕೈಯಿಂದ ರೊಟ್ಟಿ ಹಾಕಿಸಿಕೊಂಡು, "ನಮ್ಮ ಮಾವನ ಮಾತಂದ್ರ ನನ್ನ ಮಾತು" ಎಂದಳು. ಅಂದಿನಿಂದ ನಾನು, ಹುಲಿಗೆಮ್ಮ ಅಕ್ಕಪಕ್ಕ. "ನಿಮ್ಮ ಬಡಾಯಿ ಮುಗಿಯೂದ್ರಾಗ ಪಲ್ಯ ಆರಿ ಹೋತ್ರಿ" ಎಂದು ದಿನಾ ಬೈಸಿಕೊಂಡೇ ಉಂಡೆ.

ಹೋದ ವರ್ಷ ಮುಖ್ಯಮಂತ್ರಿಯ ಕುರ್ಚಿ ಖಾಲಿಯಾಯಿತು. ನೀಲಗಂಗಾಳನ್ನು ಬೆಂಬಲಿಸಲು ಶಾಸಕರು ಕೇಳಿದ್ದು ಸಣ್ಣದೊಂದು ಉಪಕಾರ: ಊಟದ ಮನೆಗಳ ಹಿಂದೆ ಡಬ್ಬಿ ಬಾಗಿಲು. ಬೇಕಾದವರು ಊಟ ಕಟ್ಟಿಸಿಕೊಂಡು ಹೋಗಬಹುದು. ಮುದುಕರಿಗೆ, ಬಾಣಂತಿಯರಿಗೆ ಅನುಕೂಲ. ನಾನು ರಾಜಧಾನಿಗೇ ಹೋಗಿ ಬೇಡವೆಂದೆ. "ಯಾರನ್ನೂ ಎಬ್ಬಸಾಕತ್ತಿಲ್ಲ ಮಾವಾ. ಒಂದು ಬಾಗಿಲ ತಗಿಯಾಕತ್ತೀನಿ, ಅಷ್ಟ" ಎಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ನನಗೆ ಇಂದಿಗೂ ಉರಿಯುತ್ತದೆ.

ಅವಳು ಮುಖ್ಯಮಂತ್ರಿಯಾದಳು. ಬಾಗಿಲು ತೆರೆಯಿತು. ಮೊದಲು ಮುದುಕರು ಡಬ್ಬಿ ಹಿಡಿದರು. ಆಮೇಲೆ ಮೇಲೋಣಿಯ ಗಟ್ಟಿಮುಟ್ಟಾದವರಿಗೆಲ್ಲ ಒಮ್ಮೆಲೇ ಮಂಡಿನೋವು ಬಂತು. ಈಗ ಪಂಕ್ತಿಯಲ್ಲಿ ಕೆಳಗೇರಿಯವರು, ಅವರ ನಡುವೆ ಮೇಲೋಣಿಯವನೆಂದರೆ ನಾನೊಬ್ಬ. ಹುಲಿಗೆಮ್ಮನನ್ನು ಯಾರೂ ಎಬ್ಬಿಸಲಿಲ್ಲ; ಉಳಿದವರೆಲ್ಲ ಎದ್ದು ಹೋದರು. "ನೀವೇನು ಮಾತು ತಪ್ಪಿಲ್ಲ ಬಿಡ್ರಿ ಅಣ್ಣಾರ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೊನ್ನೆ ನೀಲಗಂಗಾ ಊರಿಗೆ ಬಂದಿದ್ದಳು. ಎಲೆಯ ಮುಂದೆ ಕೂತು ಕಾದೆವು. ಅವಳ ಊಟ ಡಬ್ಬಿಯಲ್ಲಿ ಅಕ್ಕನ ಮನೆಗೆ ಹೋಯಿತು.

ಹಿರಿಯರೇ, ನಿಮ್ಮ ಕಾಲದಲ್ಲಿ ಶಾಲೆಯ ಮಕ್ಕಳು ಬಿಸಿಯೂಟಕ್ಕೆ ಸಾಲಾಗಿ ಕೂರುತ್ತಾರೆಂದು ಕೇಳಿದ್ದೇನೆ. ತಮ್ಮ ಮಗುವನ್ನು ಮಾತ್ರ ಆ ಸಾಲಿನಿಂದ ಕರೆದೊಯ್ಯಲು ಯಾರಾದರೂ ಬಂದರೆ, ಅವರ ಕಾರಣ ಎಷ್ಟೇ ಮೆತ್ತಗಿರಲಿ, ಪಕ್ಕದಲ್ಲಿ ಉಳಿಯುವ ಮಗುವಿನ ಮುಖವನ್ನೊಮ್ಮೆ ನೋಡಿ. ಆಮೇಲೆ ಆ ತೆರವಾದ ಜಾಗದಲ್ಲಿ ನೀವೇ ಹೋಗಿ ಕೂತುಬಿಡಿ. ಸರ್ಕಾರ ಬಂದು ಕೂರಲಿ ಎಂದು ಕಾಯಬೇಡಿ.

ಇಂತಿ,
ಫಕೀರಪ್ಪ