ಮೈಕ್ ಬಾಯಿಗೆ ಅಡ್ಡ ಬರಬಾರದು

೧೪ ನವೆಂಬರ್, ಶುಕ್ರವಾರ

ವೀರೇಂದ್ರ ಸಾರ್ ಪಟ್ಟು ಬಿಡುತ್ತಿಲ್ಲ. ಭಾನುವಾರ ಭದ್ರಾವತಿಯಲ್ಲಿ ಅವರ ನಿವೃತ್ತ ಕಾರ್ಮಿಕರ ಸಂಘದ ಸಭೆ. ಯಂತ್ರಗಳ ಸದ್ದಿನಲ್ಲಿ ದುಡಿದು ಎಲ್ಲರ ಕಿವಿಯೂ ಮಂದ. ಅದಕ್ಕೆ ನಾನು ಬಾಡಿಗೆಗೆ ಕೊಡುವ ದೊಡ್ಡ ಸ್ಪೀಕರ್ ಬಾಕ್ಸ್ ಎಂಟು ಬೇಕಂತೆ, ಎಲ್ಇಡಿ ಪರದೆ ಬೇಡವಂತೆ.

ಬೆಳಿಗ್ಗೆ ಸಭಾಂಗಣಕ್ಕೆ ಹೋಗಿ ಎರಡು ಬಾಕ್ಸ್ ಹಾಕಿ ನೋಡಿದೆ. ತಗಡಿನ ಸೂರು. ಜೋರು ಮಾಡಿದಷ್ಟೂ ಮಾತು ಕಲಸಿಹೋಯಿತು. ಕೊನೆಯ ಸಾಲಿನಲ್ಲಿ ಕೂರಿಸಿದ್ದ ಸಂಘದ ಜಟ್ಟಪ್ಪಜ್ಜ, "ಸದ್ದು ಕೇಳುತ್ತೆ ಮಾರಾಯ್ತಿ, ಮಾತು ಕೇಳಲ್ಲ" ಎಂದರು.

ಆಮೇಲೆ ನಡೆದದ್ದೇ ತಲೆಯಿಂದ ಹೋಗುತ್ತಿಲ್ಲ. ಅಜ್ಜನ ಹಳೆಯ ಜೊತೆಗಾರರೊಬ್ಬರು ದೂರದ ಬಾಗಿಲಲ್ಲಿ ಬಂದು ನಿಂತರು. ಬಾಕ್ಸ್ ಇನ್ನೂ ಅರಚುತ್ತಿತ್ತು. ಇಬ್ಬರೂ ನಿಂತಲ್ಲಿಂದಲೇ, ದನಿಯೇ ಇಲ್ಲದೆ, ಬರೀ ತುಟಿ ಆಡಿಸಿ ಮಾತಾಡಿಕೊಂಡು ನಕ್ಕರು. ಕಾರ್ಖಾನೆಯ ಶೆಡ್ಡಿನ ಸದ್ದಿನಲ್ಲಿ ಮೂವತ್ತು ವರ್ಷ ಎಲ್ಲರೂ ಮಾತಾಡಿದ್ದು ಹಾಗೆಯೇ ಅಂತೆ.

ಅಲ್ಲಿಗೆ ನನ್ನ ಪಟ್ಟಿ ಬದಲಾಯಿತು. ಸಣ್ಣ ಸ್ಪೀಕರ್ ನಾಲ್ಕು ಸಾಕು. ಪರದೆ ಬೇಕೇ ಬೇಕು. ಅದರಲ್ಲಿ ಹೂವು, ಬಳ್ಳಿ ಏನೂ ಬೇಡ, ಮಾತಾಡುವವರ ಮುಖ ಮಾತ್ರ ದೊಡ್ಡದಾಗಿ ಬರಬೇಕು. ಕೈಯಲ್ಲಿ ಹಿಡಿಯುವ ಮೈಕ್ ಬಾಯಿ ಮುಚ್ಚುತ್ತದೆ, ಆದ್ದರಿಂದ ಅಂಗಿಗೆ ಸಿಕ್ಕಿಸುವ ಕಾಲರ್ ಮೈಕೇ ಆಗಬೇಕು.

ಫೋನಿನಲ್ಲಿ ಹೇಳಿದರೆ ವೀರೇಂದ್ರ ಸಾರ್, "ವಯಸ್ಸಾದೋರಿಗೆ ಟಿವಿ ತೋರಿಸ್ತೀಯೇನಮ್ಮ? ಬೇರೆಯವ್ರನ್ನ ನೋಡ್ಕೋತೀನಿ ಬಿಡು" ಎಂದು ಇಟ್ಟುಬಿಟ್ಟರು.

ಬಿಡುವುದಿಲ್ಲ. ನಾಳೆ ಬೆಳಿಗ್ಗೆ ಅವರ ಮನೆಗೇ ಹೋಗುತ್ತೇನೆ. ಅವರೂ ಅದೇ ಶೆಡ್ಡಿನಲ್ಲಿ ದುಡಿದವರು. ಗಾಜಿನ ಕಿಟಕಿಯಾಚೆ ನಿಂತು, ದನಿ ತೆಗೆಯದೆ, ತುಟಿಯಲ್ಲೇ ಕೇಳುತ್ತೇನೆ, ಪರದೆ ಬೇಕೋ ಬೇಡವೋ ಎಂದು. ಪ್ರಶ್ನೆ ತಿಳಿದು ಬೇಡ ಎಂದರೂ ನಾನೇ ಗೆದ್ದ ಹಾಗೆ.