ಕಲ್ಲುದಿಬ್ಬದ ಮಾಗಳಿ

ಅಕ್ಕಾ,

ಉಪ್ಪಿನಕಾಯಿಗೆ ಮಾಗಳಿ ಬೇರು ತೆಗೆಯಲು ಹೋದಾಗ ನನಗೆ ಹಾರೆ ಮುಟ್ಟಲು ಬಿಡುತ್ತಿರಲಿಲ್ಲ ನೀನು. ಕೈಯಲ್ಲೇ ಮಣ್ಣು ಬಿಡಿಸಿ, ಪಕ್ಕದ ಬೇರು ಒಂದೆರಡು ಮುರಿದುಕೊಂಡು, ತಾಯಿಬೇರಿಗೆ ಮತ್ತೆ ಮಣ್ಣು ಮುಚ್ಚುತ್ತಿದ್ದೆ. "ತಾಯಿಬೇರ್ಗೆ ಕೈ ಆಕುದ್ರೆ ಕೈ ಮುರ್ದುಬುಡ್ತೀನಿ ಕಣ್ಲಾ" ಅನ್ನುತ್ತಿದ್ದೆ.

ನೋಟ್‌ಬುಕ್ ಹಿಡಿದು ಬಂದಿದ್ದ ಆ ಸಾಹೇಬ ನೆನಪಿದ್ದಾನಾ? ನಿನ್ನ ಕೈಯ ಉಪ್ಪಿನಕಾಯಿ ಹೊಗಳಿ ಹೊಗಳಿ ತಿಂದ. ನೀನೇ ಮುಂದೆ ನಡೆದು ಹಳ್ಳದ ಕಡೆಯ ಬಳ್ಳಿ ತೋರಿಸಿದೆ, ಅವನು ಜಾಗ ಬರೆದುಕೊಂಡ. ವಾರ ಕಳೆಯುವುದರೊಳಗೆ ಯಾರೋ ವ್ಯಾನಿನಲ್ಲಿ ಬಂದು ಬುಡಸಮೇತ ಅಗೆದುಕೊಂಡು ಹೋದರು. ಆ ಗುಂಡಿಗಳ ಪಕ್ಕ ನೀನು ಕೂತಿದ್ದು... ಬಿಡು. ಉಳಿದಿದ್ದು ಗೋಮಾಳದ ಕಲ್ಲುದಿಬ್ಬ ಒಂದೇ. ಅದು ಗೊತ್ತಿದ್ದಿದ್ದು ನಮ್ಮಿಬ್ಬರಿಗೆ, ನೀನು ಹೋದ ಮೇಲೆ ನನಗೊಬ್ಬನಿಗೇ.

ಹೋದ ವರ್ಷ ಪಂಚಾಯಿತಿಯವರು ಊರಿನ ಗಿಡ, ಬಳ್ಳಿ, ಹಕ್ಕಿ ಎಲ್ಲಾ ಬರೆಸಲು ಶುರುಮಾಡಿದರು. ಜೀವವೈವಿಧ್ಯದ ದಾಖಲೆಯಂತೆ. ಬರೆಯಲು ಚಾಮರಾಜನಗರದಿಂದ ಶಬಾನಾ ಅಂತ ಒಬ್ಬಳು ಬಂದಳು.

"ತಾತ, ಮಾಗಳಿ ಎಲ್ಲಿದೆ ಹೇಳಿ. ಬರೆದಿಟ್ಟರೆ ಉಳಿಯುತ್ತೆ."

"ಬರ್ಕಂಡೋದ್ಮೇಲೇ ಕಣಮ್ಮಿ ಆಳಾಗಿದ್ದು. ನಮ್ಮೂರಲ್ಲಿ ಒಂದ್ ಬಳ್ಳಿನೂ ಇಲ್ಲ, ಓಗು."

ಅವಳು ನಂಬಿದಳು. 'ಇಲ್ಲ' ಅಂತ ಬರೆದುಕೊಂಡಳು. ಗೆದ್ದೆ ಅಂದುಕೊಂಡೆ ನಾನು.

ಮೊನ್ನೆ ಕಲ್ಲುದಿಬ್ಬದ ಮೇಲೆ ಗುರುತಿನ ಕಲ್ಲು ನೆಡುತ್ತಿದ್ದರು. ಸೋಲಾರ್ ಹಲಗೆ ಕೂರಿಸುತ್ತಾರಂತೆ. ಹೊಗೆಯಿಲ್ಲದ ಕರೆಂಟು, ಭೂಮಿಗೆ ಒಳ್ಳೆಯದಂತೆ. ಇಲ್ಲೇ ಯಾಕೆ ಅಂತ ಜಗಳಕ್ಕೆ ನಿಂತೆ. "ಪಂಚಾಯಿತಿಯ ದಾಖಲೆ ಪುಸ್ತಕ ನೋಡಿಯೇ ಆರಿಸಿರೋದು ಯಜಮಾನ್ರೇ. ಉಳಿಸೋ ಅಂಥದ್ದು ಇಲ್ಲೇನೂ ಇಲ್ವಲ್ಲ" ಅಂದ ಅಳತೆಯವನು. ಯಾರ ಬಾಯಿಂದ ಬಂದ 'ಇಲ್ಲ' ಅಕ್ಕಾ ಅದು? ಹೇಳಿದರೆ ಹಾರೆ ಬರುತ್ತೆ, ಹೇಳದಿದ್ದರೆ ಜೆಸಿಬಿ ಬರುತ್ತೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ?

ನಿನ್ನೆ ಶಬಾನಾಗೆ ಫೋನ್ ಮಾಡಿಸಿದೆ. "ಅವತ್ ಸುಳ್ಳೇಳ್ಬುಟ್ಟೆ ಕಣಮ್ಮಿ. ದಿಬ್ಬದ್ ತುಂಬ ಅದೆ."

"ಜಾಗದ ಗುರುತು ಹೊರಗಿನವರಿಗೆ ಸಿಗದ ಹಾಗೂ ಬರೆಯಬಹುದು ತಾತ" ಅಂದಳು.

"ಅದ್ನ ಅವತ್ತೇ ಬೊಗುಳ್ಬಾರ್ದಾಗಿತ್ತಾ?"

"ನೀವು ಬಾಯಿ ತೆಗೆಯೋಕೆ ಬಿಟ್ರಾ?"

ಅವಳ ಮೇಲೆ ನನಗೆ ಈಗಲೂ ಪೂರ್ತಿ ನಂಬಿಕೆಯಿಲ್ಲ. ಸಿಗದ ಹಾಗೆ ಅಂದರೆ ಯಾರಿಗೆ ಸಿಗದ ಹಾಗೆ? ಆ ಬೀಗದ ಕೈ ಯಾರ ಹತ್ತಿರ ಇರುತ್ತೆ? ಕೇಳುತ್ತೇನೆ, ಎಲ್ಲರೆದುರೇ ಕೇಳುತ್ತೇನೆ. ನಾಳೆ ಗ್ರಾಮಸಭೆ. ಮೊದಲು ಎದ್ದು ನಿಂತು, ನಾನು ಹೇಳಿದ್ದು ಸುಳ್ಳು, ಆ 'ಇಲ್ಲ' ಹೊಡೆದುಹಾಕಿ ಅನ್ನಬೇಕು. ಜೀವಮಾನವಿಡೀ ಊರನ್ನೆಲ್ಲ ಸುಳ್ಳರು ಅಂತ ಬೈದವನು ನಾನು. ನಗುತ್ತಾರೆ. ನಗಲಿ, ದಿಬ್ಬ ತೋರಿಸದೆ ಮನೆಗೆ ಬರುವುದಿಲ್ಲ.

ನಿನ್ನ ತಮ್ಮ