ಎಂಜಿನ್ ಇಲ್ಲದೆ ಸಾಗಿದ ಹಡಗು

ಮಗಳೇ ವೆರ್ಲೀನ್, ನನ್ನ ಮುಖ ನೋಡದ ಕ್ಯಾಪ್ಟನ್ನೇ,

ಏಳು ಸಮುದ್ರಗಳನ್ನೂ ಬರೀ ಡೋಲು ಬಾರಿಸಿ ಹಡಗು ದಾಟಿಸಿದ ಗಂಡಸು ಈ ಭೂಮಿಯ ಮೇಲೆ ನಾನೊಬ್ಬನೇ. ಬಾರ್ಬಡೋಸಿನ ಮೀನುಗಳು ಇವತ್ತಿಗೂ ನನ್ನ ತಾಳಕ್ಕೇ ಬಾಲ ಆಡಿಸುತ್ತವೆ. ಪಾದ ಮಾತ್ರ ಒಮ್ಮೆಯೂ ಒದ್ದೆಯಾಗಿಲ್ಲ. ನಮ್ಮದು ನೆಲದ ಹಡಗಲ್ಲವೇ! ಬಿಳಿ ಸಮವಸ್ತ್ರ, ಹುದ್ದೆ, ಸೆಲ್ಯೂಟು ಎಲ್ಲ ಉಂಟು, ಹಡಗೊಂದಿಲ್ಲ. ಸಾಲಾಗಿ ಕುಣಿಯುವ ನಾವಿಕರ ಮೈಯೇ ಹಡಗು, ನನ್ನ ಡೋಲೇ ಎಂಜಿನ್.

"ಮಾವ ಬೇಕಂತಲೇ ಡೋಲು ಹರಿದ" ಅಂತ ನಿನ್ನ ಅಮ್ಮನ ಹತ್ತಿರ ಅಂದೆಯಂತೆ. ಡೋಲು ಹರಿದ ಆ ಗುರುವಾರದಿಂದ ನನ್ನ ಜೊತೆ ಮಾತೂ ಬಿಟ್ಟೆ. ಅದಕ್ಕೇ ಈ ಕಾಗದ. ಹಳ್ಳಿ ಶಾಲೆಯ ಅಕ್ಷರ. ತಪ್ಪಿದ್ದರೆ ಸತ್ತ ಮೇಷ್ಟ್ರನ್ನು ಬೈದುಕೋ.

ಕ್ಯಾಪ್ಟನ್ ಟೋಪಿ ನನಗೇ ಅಂತ ಊರೆಲ್ಲ ಸಾರಿಕೊಂಡು ತಿರುಗಿದ್ದೆ. ಅದು ನಿನ್ನ ತಲೆಗೆ ಬಂತು. ರಮ್ ಅಂಗಡಿಯ ಆಸ್ಬರ್ಟ್, "ಏನಪ್ಪಾ ಡಾರ್ನ್ಲಿ, ಅಕ್ಕನ ಮಗಳಿಗೆ ಸೆಲ್ಯೂಟ್ ಹೊಡೀಬೇಕಲ್ಲೋ! ಕೈ ಎತ್ತೋಕೆ ಆಗುತ್ತಾ, ಎಣ್ಣೆ ಹಚ್ಚಲಾ?" ಅಂದ. ಡಾಮಿನೋ ಆಡುತ್ತಿದ್ದವರೆಲ್ಲ ಹಲ್ಲು ಕಿಸಿದರು. "ಕೋಟೆ ಮೈದಾನದಲ್ಲಿ ಅವಳ ಹಡಗು ಅರ್ಧದಲ್ಲೇ ನಿಲ್ಲದಿದ್ರೆ ಕೇಳು" ಅಂತ ಪಂದ್ಯ ಕಟ್ಟಿಬಿಟ್ಟೆ. ನಿನ್ನ ವಿರುದ್ಧ. ಅಷ್ಟು ನಿಜ.

ಡೋಲಿನ ಕಥೆ ಬೇರೆ. ಆ ಗುರುವಾರ ಕೋಟೆ ಮೈದಾನದಲ್ಲಿ, ಪ್ರವಾಸಿ ಹಡಗಿನಿಂದ ಇಳಿದ ಇನ್ನೂರು ಜನ ಕ್ಯಾಮೆರಾ ಎತ್ತಿದ್ದೇ ತಡ, ನನ್ನ ತೋಳಿಗೆ ಹುಚ್ಚು ಹಿಡಿಯಿತು. ಕುಣಿತದಲ್ಲಿ ಬಿರುಗಾಳಿಯ ನಡೆ ಬಂದಾಗ ಒಂದು ಪೆಟ್ಟು ಹೆಚ್ಚೇ ಬಿತ್ತು, ಆಡಿನ ತೊಗಲು ಫಟ್ ಅಂತ ಸೀಳಿತು. ಎಂಜಿನ್ ನಿಂತರೆ ಹಡಗು ನಿಲ್ಲಬೇಕು, ನಮ್ಮ ಕಟ್ಟಳೆ. ಜೊತೆಗಿದ್ದ ಕೊಳಲೂ ನಿಂತಿತು. ಇಪ್ಪತ್ತೆರಡು ನಾವಿಕರು ಎತ್ತಿದ ಕಾಲು ಎತ್ತಿದಂತೆಯೇ ನಿಂತರು. ಬಂದವರು ನೆರಳು ಹುಡುಕತೊಡಗಿದರು. ಗೆದ್ದೆ ಅಂದುಕೊಂಡೆ, ಮಗಳೇ. ಒಂದು ಗಳಿಗೆ ಖುಷಿಯೂ ಆಯಿತು.

ನೀನು ಟೋಪಿ ಒತ್ತಿಕೊಂಡು ಕೂಗಿದೆ: "ಎಂಜಿನ್ ಕೆಟ್ಟಿದೆ! ಹಾಯಿ ಬಿಚ್ರೋ!"

ಅಂಥ ಆಜ್ಞೆಯನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ನಲವತ್ನಾಲ್ಕು ತೋಳುಗಳು ಮೇಲೆದ್ದವು, ಎಲ್ಲರೂ ಒಂದೇ ಕಡೆ ವಾಲಿ ಹುಶ್ ಅಂತ ಉಸಿರು ಬಿಟ್ಟರು. ಆ ಉಸಿರೇ ಗಾಳಿ, ಕಲ್ಲಿನ ಮೇಲೆ ಉಜ್ಜುವ ಬೂಟುಗಳೇ ಅಲೆ. ಬಿಳಿಯರ ಕಾಲದ ಫಿರಂಗಿಗಳ ಸುತ್ತ ಹಡಗು ತಿರುಗಿತು. ನನ್ನ ಪಕ್ಕದ ಪರದೇಶದ ಮುದುಕಿ ಗೋಡೆ ಹಿಡಿದು, "ಅಯ್ಯೋ, ತಲೆ ಸುತ್ತುತ್ತಿದೆ" ಅಂದಳು. ಒಣ ನೆಲದ ಮೇಲೆ! ನಲವತ್ತು ವರ್ಷ ಬಾರಿಸಿದೆ, ಒಬ್ಬರಿಗೂ ನಾನು ಸಮುದ್ರ ತೋರಿಸಿರಲಿಲ್ಲ. ಡೋಲು ಅಲ್ಲೇ ಬಿಟ್ಟು ಸಾಲಿನ ತುದಿಗೆ ಸೇರಿ ನಾನೂ ವಾಲಿದೆ. ನೀನು ಮುಂದೆ ನೋಡುತ್ತಿದ್ದೆ. ಕ್ಯಾಪ್ಟನ್ ಹಾಗೇ ನೋಡಬೇಕು.

ಹೊಸ ತೊಗಲು ಬಿಗಿಸಿದ್ದೇನೆ. ನೀನು ಬಾ ಅಂದರೆ ಬಾರಿಸುತ್ತೇನೆ. ಬೇಡ ಅಂದರೆ ನಾವಿಕರ ಬೂಟಿಗೆ ಪಾಲಿಶ್ ಹಾಕುತ್ತೇನೆ, ಆದರೆ ಮನೆಯಲ್ಲಿ ಕೂರಿಸಬೇಡ.

ನಿನ್ನ ಹಡಗಿನ ತಳಕ್ಕೆ ಯಾವ ಬಂಡೆಯೂ ತಾಗದಿರಲಿ, ದೇವರ ಗಾಳಿ ಸದಾ ನಿನ್ನ ಬೆನ್ನಿಗಿರಲಿ.

ಕೈ ಎತ್ತಿ ಸೆಲ್ಯೂಟ್ ಹೊಡೆಯುತ್ತಾ,
ನಿನ್ನ ಮಾವ ಡಾರ್ನ್ಲಿ

ಪಂದ್ಯದಲ್ಲಿ ಹತ್ತು ಡಾಲರ್ ಹೋಯಿತು ಅಂತ ನಿನ್ನ ಅಮ್ಮನಿಗೆ ಹೇಳಿದ್ದೇನೆ. ನಿನ್ನ ವಿರುದ್ಧ ಕಟ್ಟಿ ನಿಜಕ್ಕೂ ಸೋತದ್ದು ಮುನ್ನೂರ ನಲವತ್ತು.